ಬದುಕಿರುವವರ ಲ್ಯಾಪ್‌ಟಾಪು

ಹೋದ ವರ್ಷ ಪಕ್ಷಮಾಸದಲ್ಲಿ ಕಾಗೆ ಬರಲಿಲ್ಲ. ಪುಣೆಯ ಕೊಂಢವಾ ಬಡಾವಣೆಯ ಆ ನಾಲ್ಕಂತಸ್ತಿನ ಕಟ್ಟಡದ ಸುತ್ತ ಪಾರಿವಾಳಗಳಿಗೇನೂ ಬರವಿರಲಿಲ್ಲ, ಆದರೆ ಹಿರಿಯರ ಎಡೆಗೆ ಪಾರಿವಾಳ ನಡೆಯುವುದಿಲ್ಲವಲ್ಲ. ಗಂಡ ಜಟ್ಟೆಪ್ಪ ಸತ್ತ ಮೇಲೂ ಮುನಿಸು ಬಿಟ್ಟಿಲ್ಲ ಎಂದು ಅವ್ವಮ್ಮ ವರ್ಷವಿಡೀ ಕೊರಗಿದ್ದಳು. ಅದಕ್ಕೇ ಈ ಸಲ ಅವನ ತಿಥಿಯ ದಿನ, ಗುರುವಾರ ಬೆಳಗ್ಗೆ, ಗೋಧಿ ಹುಗ್ಗಿಯ ಬಟ್ಟಲಿಗೆ ಧಾರಾಳವಾಗಿ ಹಾಲು ತುಪ್ಪ ಸುರಿದು ಮನೆಯ ಒಂದೇ ಒಂದು ದೊಡ್ಡ ಕಿಟಕಿಯಲ್ಲಿ ಎಡೆ ಇಟ್ಟಳು. ಆ ಕಿಟಕಿಗೆ ಒತ್ತಿಕೊಂಡಿದ್ದ ಮೇಜಿನ ಮೇಲೆ ಮಗ ಪ್ರೇಮಕುಮಾರ ಲ್ಯಾಪ್‌ಟಾಪು ತೆರೆದಿಟ್ಟುಕೊಂಡು ಪರೀಕ್ಷೆಗೆ ಓದುತ್ತಿದ್ದ.

ಒಂಬತ್ತೂವರೆಗೆ ಕಾಗೆ ಬಂತು. ಅವ್ವಮ್ಮನ ಕಣ್ಣಲ್ಲಿ ನೀರೇ ಬಂತು. ಕಾಗೆ ನಾಲ್ಕು ಸಲ ಕೊಕ್ಕು ಹಾಕಿ, ಹುಗ್ಗಿ ರುಚಿಯಾಗಿದೆ ಎಂಬಂತೆ ಕತ್ತು ಕೊಂಕಿಸಿ, ಬಟ್ಟಲಿನ ಅಂಚು ಹಿಡಿದು ಎಳೆಯಿತು. ಬಟ್ಟಲು ಮಗುಚಿ, ಹಾಲು ತುಪ್ಪ ಬೆಲ್ಲ ಸಮೇತ ಇಡೀ ಹುಗ್ಗಿ ಲ್ಯಾಪ್‌ಟಾಪಿನ ಅಕ್ಷರದ ಗುಂಡಿಗಳ ನಡುವೆ ಇಳಿಯಿತು. ಪ್ರೇಮಕುಮಾರ ಹುಶ್ ಎಂದು ಕಾಗೆಯ ಮೇಲೆ ಕೈಯೆತ್ತಿದ. ತಾಯಿ ಆ ಕೈಯನ್ನು ಗಾಳಿಯಲ್ಲೇ ಹಿಡಿದಳು.

"ಹಡೆದ ಅಪ್ಪನ ಮ್ಯಾಲೆ ಕೈ ಎತ್ತತಿ?"

ಅಪ್ಪ ಹಾರಿಹೋಗಿ ಎದುರಿನ ನೀರಿನ ಟಾಕಿಯ ಮೇಲೆ ಕೂತ. ಇದ್ದಾಗಲೂ ಉಂಡ ಮೇಲೆ ಅವರು ತಾಟು ಹೀಗೇ ನೂಕುತ್ತಿದ್ದರು ಎಂದು ಅವ್ವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಲ್ಯಾಪ್‌ಟಾಪು ಎರಡು ಸಲ ಮಿಣುಕಿ, ಗೊರ್ರೆಂದು ಸದ್ದು ಮಾಡಿ, ಕಣ್ಣು ಮುಚ್ಚಿತು.

ಬೇರೆ ಯಾವ ದಿನವಾದರೂ ಆಗಿದ್ದರೆ ಪ್ರೇಮಕುಮಾರ ಇದನ್ನು ನುಂಗಿಕೊಳ್ಳುತ್ತಿದ್ದ. ನುಂಗಿಕೊಳ್ಳುವುದು ಅವನಿಗೆ ಅಭ್ಯಾಸವಾಗಿತ್ತು. ರಾಂಜಣಗಾಂವದ ಒಂದು ಬೇರಿಂಗ್ ಕಾರ್ಖಾನೆಯಲ್ಲಿ ಅವನು ಒಂಬತ್ತು ವರ್ಷದಿಂದ ಗುತ್ತಿಗೆ ಕೆಲಸಗಾರ. ಕಾಯಂ ಆದವರು ತಿಳಿನೀಲಿ ಅಂಗಿ ತೊಟ್ಟು ಕಂಪನಿಯ ಏಸಿ ಬಸ್ಸಿನಲ್ಲಿ ಕಾಲು ಚಾಚಿ ನಿದ್ದೆ ಹೊಡೆಯುತ್ತ ಹೋಗುತ್ತಿದ್ದರು. ಗುತ್ತಿಗೆಯವರು ಎಂಟು ಜನರ ಜೀಪಿನಲ್ಲಿ ಹದಿನಾರು ಜನ, ಯಾರ ಕಾಲು ಯಾರದೆಂದು ತಿಳಿಯದ ಹಾಗೆ ಹೆಣೆದುಕೊಂಡು ಹೋಗುತ್ತಿದ್ದರು. ಈ ವರ್ಷ ಕಂಪನಿ ಹತ್ತು ಜನರನ್ನು ಕಾಯಂ ಮಾಡುತ್ತೇವೆ ಎಂದಿತ್ತು. ಅದಕ್ಕೊಂದು ಪರೀಕ್ಷೆ, ಅಂದು ಸಂಜೆ ಐದಕ್ಕೆ, ಕಾರ್ಖಾನೆಗೆ ವಾರದ ರಜೆಯ ದಿನ, ಮನೆಯಲ್ಲೇ ಕೂತು ಬರೆಯುವುದು. ಮೊಬೈಲಿನಲ್ಲಿ ಅದು ತೆರೆಯುವುದಿಲ್ಲ, ಕಂಪ್ಯೂಟರೇ ಬೇಕು. ಮೂವತ್ತೈದು ದಾಟಿದವರಿಗೆ ಅವಕಾಶವಿಲ್ಲ. ಪ್ರೇಮಕುಮಾರನಿಗೆ ದೀಪಾವಳಿಗೆ ಮೂವತ್ತಾರು ತುಂಬುತ್ತಿತ್ತು. ಅಂದರೆ ಇವತ್ತು ತಪ್ಪಿದರೆ ಜನ್ಮವಿಡೀ ಜೀಪು.

ಹೆಂಡತಿ ಸುಮಂಗಲಾ ಲ್ಯಾಪ್‌ಟಾಪನ್ನು ಬೋರಲು ಹಾಕಿ, ಒರೆಸಿ, ಫ್ಯಾನಿನ ಕೆಳಗಿಟ್ಟು, ಮೇಲಿನ ಮನೆಯ ಪುನೀತನನ್ನು ಕರೆತಂದಳು. ಪುನೀತ ಮೈಸೂರಿನ ಕಡೆಯವನು, ಐಟಿಯಲ್ಲಿದ್ದವನು. ಆ ಕಟ್ಟಡದಲ್ಲಿ ಕಂಪ್ಯೂಟರಿಗೆ ಜ್ವರ ಬಂದರೂ ಗೀಸರಿಗೆ ಬಂದರೂ ಅವನೇ ವೈದ್ಯ. ಅವನು ಒಂದು ಗುಂಡಿ ಕಿತ್ತು ಮೂಸಿ ನೋಡಿದ.

"ಏಲಕ್ಕಿ ಹಾಕಿದ್ದೀರಾ? ನೀರಾಗಿದ್ರೆ ಏನೋ ಟ್ರೈ ಮಾಡಬಹುದಿತ್ತು ಅಣ್ಣ. ಬೆಲ್ಲ, ತುಪ್ಪ ಎರಡೂ ಮದರ್‌ಬೋರ್ಡಿಗೆ ಹೋಗಿದೆ. ಇದು ಮುಗೀತು."

ಹಾಗಾದರೆ ಒಂದು ತಾಸಿನ ಮಟ್ಟಿಗೆ ನಿನ್ನದು ಕೊಡು ಎಂದು ಪ್ರೇಮಕುಮಾರ ಕೇಳಿದ. ಪುನೀತನ ಮುಖ ಸಪ್ಪಗಾಯಿತು. ಅವನದು ಆಫೀಸಿನದಂತೆ. ಬೇರೆಯವರ ಬೆರಳು ತಾಗಿದರೂ ಆಫೀಸಿಗೆ ಗೊತ್ತಾಗಿ ಪಾಲಿಸಿ ಪ್ರಕಾರ ಅವನನ್ನೇ ಮನೆಗೆ ಕಳಿಸುತ್ತಾರಂತೆ. ಬೇಕಾದರೆ ಆನ್‌ಲೈನಿನಲ್ಲಿ ಹೊಸದು ತರಿಸಿಕೊಡುತ್ತೇನೆ, ಮೂರು ಗಂಟೆಯೊಳಗೆ ಬಾಗಿಲಿಗೆ ಬರುತ್ತದೆ, ಕಂತಿನಲ್ಲಿ ಕಟ್ಟಿದರಾಯಿತು ಎಂದ.

ಹೊಸದು ಎಂಬ ಮಾತು ಬಿದ್ದದ್ದೇ ತಡ, ಎದುರು ಮನೆಯ ಮಂಜರಿ ಕಾಕೂ ಬಾಗಿಲಲ್ಲಿ ಪ್ರತ್ಯಕ್ಷಳಾದಳು. ಆ ಮಹಾತಾಯಿಗೆ ತನ್ನ ಮನೆಯ ಕುಕ್ಕರಿನ ಸೀಟಿ ಕೇಳಿಸದಿದ್ದರೂ ಪರರ ಮನೆಯ ಪಿಸುಮಾತು ಕೇಳಿಸುತ್ತಿತ್ತು. ಪಿತೃಪಕ್ಷದಲ್ಲಿ ಹೊಸ ವಸ್ತು ಮನೆಗೆ ತರುವುದೇ, ಅದೂ ತಿಥಿಯ ದಿನವೇ, ತನ್ನ ನಾದಿನಿಯ ಮೈದುನ ಹೀಗೇ ಫ್ರಿಜ್ ತಂದು ಹದಿನೈದು ದಿನದಲ್ಲಿ ಸೊಂಟ ಮುರಿದುಕೊಂಡ ಎಂದು ಮರಾಠಿಯಲ್ಲಿ ಒಂದೇ ಉಸಿರಿಗೆ ಹೇಳಿದಳು. ಅವ್ವಮ್ಮ ತಲೆಯಾಡಿಸಿದಳು. ಭೀಮಾ ತೀರದ ಊರಲ್ಲಿದ್ದಾಗ ಅವ್ವಮ್ಮನಿಗೆ ಇಷ್ಟೊಂದು ನೇಮ ಇರಲಿಲ್ಲ. ಹಿರಿಯರಿಗೆ ಎಡೆ ಇಟ್ಟು, ಉಂಡು, ಮಲಗುತ್ತಿದ್ದರು. ಪುಣೆಗೆ ಬಂದ ಮೇಲೆ ಊರಿನವೂ ಇಲ್ಲಿನವೂ ಸೇರಿ ನೇಮಗಳು ಜೋಡಿಯಾಗಿದ್ದವು.

"ಹೊಸಾದು ಮಾತ್ರ ಬ್ಯಾಡ," ಎಂದಳು ಅವ್ವಮ್ಮ. "ಯಾರರ ಬಳಸಿದ ಹಳೇದು ತಾ. ಹಳೇದಕ್ಕ ದೋಷಿಲ್ಲ."

ಇದು ಒಳ್ಳೆಯ ದಾರಿಯೆಂದು ಎಲ್ಲರಿಗೂ ಅನಿಸಿತು. ಪ್ರೇಮಕುಮಾರ ಚಪ್ಪಲಿ ಮೆಟ್ಟುವಷ್ಟರಲ್ಲಿ ಮಂಜರಿ ಕಾಕೂವಿಗೆ ಇನ್ನೊಂದು ಹೊಳೆಯಿತು. ಹಳೆಯದು ಸರಿ, ಆದರೆ ಯಾರದು? ಬಳಸಿದವನು ತೀರಿಕೊಂಡಿದ್ದರೆ? ಪಿತೃಪಕ್ಷದಲ್ಲಿ ಸತ್ತವರ ವಸ್ತು ತಂದರೆ ಅದರ ಬೆನ್ನಿಗೇ ಅವರೂ ಬರುತ್ತಾರೆ. ನಿಮ್ಮ ಯಜಮಾನರ ಜೊತೆಗೆ ಇನ್ನೊಬ್ಬರಿಗೂ ಎಡೆ ಇಡಬೇಕಾಗುತ್ತದೆ. ಅವ್ವಮ್ಮನ ಮುಖ ಗಂಭೀರವಾಯಿತು. ಮಾಲಕ ಬದುಕಿದ್ದಾನೆಂದು ಖಾತ್ರಿಯಾಗದೆ ಹಳೆಯದೂ ಹೊಸ್ತಿಲು ದಾಟಕೂಡದು ಎಂಬ ಅಪ್ಪಣೆಯಾಯಿತು. ತಾಯಿಯ ಮಾತು ಮೀರಿ ಪರೀಕ್ಷೆ ಬರೆದು ನಪಾಸಾದರೆ ಮುಂದಿನ ಮೂವತ್ತು ವರ್ಷ ಅದನ್ನು ಕೇಳಬೇಕಾಗುತ್ತದೆ ಎಂಬುದು ಪ್ರೇಮಕುಮಾರನಿಗೆ ಗೊತ್ತಿತ್ತು. ಹೂಂ ಎಂದು ಬಸ್ಸು ಹತ್ತಿದ.

ಬುಧವಾರ ಪೇಠೆ ಎಂಬ ಬಡಾವಣೆಯ ಒಂದು ಗಲ್ಲಿಯಲ್ಲಿ ಬಾಳು ಎಂಬವನ ಹಳೆಯ ಕಂಪ್ಯೂಟರಿನ ಅಂಗಡಿ. ಪ್ರೇಮಕುಮಾರ ಅಲ್ಲಿ ಮುಟ್ಟಿದಾಗ ಹನ್ನೆರಡೂ ಕಾಲು. ಅವನ ಕಿಸೆಗೆ ಹೊಂದುವಂಥವು ಮೂರು ಲ್ಯಾಪ್‌ಟಾಪುಗಳಿದ್ದವು. ಬಾಳು ಮೊದಲನೆಯದರ ಗುಣಗಾನ ಶುರು ಮಾಡಿದ. ಪ್ರೇಮಕುಮಾರ ನಡುವೆ ಬಾಯಿ ಹಾಕಿ, ಇದರ ಮಾಲಕರು ಇದ್ದಾರಾ ಎಂದ. ಒಬ್ಬ ವಕೀಲರದು, ಹೋದ ಶ್ರಾವಣದಲ್ಲಿ ಹೋದರು, ಪಾಪ, ಎಂದ ಬಾಳು. ಪ್ರೇಮಕುಮಾರ ಅದನ್ನು ಬಿಸಿ ಹಂಚಿನಂತೆ ಕೆಳಗಿಟ್ಟ.

ಎರಡನೆಯದು ಮುಚ್ಚಿಹೋದ ಒಂದು ಕಂಪನಿಯದು. ಇದಕ್ಕೆ ತೀರ್ಪು ಹೇಳುವ ಅಧಿಕಾರ ತನಗಿಲ್ಲವೆನಿಸಿ ಪ್ರೇಮಕುಮಾರ ಮನೆಗೆ ಫೋನು ಹಚ್ಚಿದ. ಮುಚ್ಚಿತು ಅಂದರೆ ಸತ್ತ ಹಾಗೇ ಅಲ್ಲವೇ ಎಂದು ಅವ್ವಮ್ಮ ಕೇಳಿದಳು. ಹಿಂದಿನಿಂದ ಮಂಜರಿ ಕಾಕೂ ಅನುಮೋದಿಸುವುದು ಕೇಳಿಸಿತು.

ಮೂರನೆಯದು ಸದಾಶಿವ ಪೇಠೆಯ ಮೋರೇಶ್ವರ ಕೇಶವ ಆಗಾಶೆ ಎಂಬ ನಿವೃತ್ತ ಮೇಷ್ಟರದು. ಮಗಳು ಹೊಸದು ಕೊಡಿಸಿದ್ದರಿಂದ ಮಾರಿದ್ದರು. ಎಪ್ಪತ್ತನಾಲ್ಕು ವಯಸ್ಸು, ಆದರೆ ಕಲ್ಲುಗುಂಡು, ನಾನೇ ಹೋದ ತಿಂಗಳು ನೋಡಿದ್ದೇನೆ ಎಂದ ಬಾಳು. ಪ್ರೇಮಕುಮಾರ ಅದನ್ನೂ ಫೋನಿನಲ್ಲಿ ಒಪ್ಪಿಸಿದ.

"ಎಪ್ಪತ್ತನಾಲ್ಕರಾಗ ತಿಂಗಳಂದ್ರ ಏನು ಸಣ್ಣದ?" ಎಂದಳು ಅವ್ವಮ್ಮ. "ಕಣ್ಣಾರೆ ನೋಡಿ ಬಾ. ಅಲ್ಲೇ ಹತ್ತರ ಅದಲ್ಲ."

ಇಪ್ಪತ್ತು ವರ್ಷದಿಂದ ಈ ದಂಧೆಯಲ್ಲಿದ್ದೇನೆ, ಗಿರಾಕಿಗಳು ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ಕೇಳುತ್ತಾರೆ, ಮಾಲಕ ಎಷ್ಟು ದಿನ ಬರುತ್ತಾನೆ ಅಂತ ಕೇಳಿದವನು ನೀನೇ ಮೊದಲು ಎಂದು ಬಾಳು ವಿಳಾಸ ಬರೆದುಕೊಟ್ಟ. ಆಮೇಲೆ ಗಡಿಯಾರ ನೋಡಿ ಶಟರು ಎಳೆದ. ಪುಣೆಯ ಅಂಗಡಿ, ಒಂದಕ್ಕೆ ಮುಚ್ಚಿದರೆ ನಾಲ್ಕಕ್ಕೇ ತೆರೆಯುವುದು.

ಆಗಾಶೆಯವರದು ಹತ್ತಾರು ಸಂಸಾರಗಳಿದ್ದ ಹಳೆಯ ವಾಡೆಯ ಮೊದಲ ಮಹಡಿ. ಪ್ರೇಮಕುಮಾರ ಮರದ ಮೆಟ್ಟಿಲು ಹತ್ತಿ ಬಾಗಿಲ ಮುಂದೆ ನಿಂತಾಗ ಒಂದೂವರೆ. ಕರೆಗಂಟೆಯ ಮೇಲೆ ಒಂದು ಫಲಕವಿತ್ತು: 'ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಗಂಟೆ ಒತ್ತಬಾರದು. ಒತ್ತಿದವರಿಗೆ ಬೇರೆ ಕೆಲಸವಿಲ್ಲವೆಂದು ಗೊತ್ತಾಗುತ್ತದೆ, ನಮಗೆ ಅದನ್ನು ತಿಳಿಯುವ ಆಸಕ್ತಿಯಿಲ್ಲ.' ಅವನು ಎತ್ತಿದ ಬೆರಳನ್ನು ಇಳಿಸಿದ. ನಾಲ್ಕಕ್ಕೆ ಎದ್ದರೆ, ಅಂಗಡಿಗೆ ಹೋಗಿ, ಮನೆ ಮುಟ್ಟುವಷ್ಟರಲ್ಲಿ ಐದು ದಾಟಿಹೋಗುತ್ತದೆ. ಬಾಗಿಲಿಗೆ ಕಿವಿಯಿಟ್ಟು ಗೊರಕೆಯಾದರೂ ಕೇಳಿಸುತ್ತದೆಯೇ ಎಂದು ನೋಡಿದ. ಗೊರಕೆ ಕೇಳಿಸಿದರೆ ಸಾಕ್ಷಿಗೆ ಅಷ್ಟೇ ಸಾಕಿತ್ತು. ಕೇಳಿಸಲಿಲ್ಲ.

ಕಿವಿಯಿಟ್ಟವನನ್ನು ಕೆಳಗಿನ ಮನೆಯ ಹೆಂಗಸು ನೋಡಿಬಿಟ್ಟಳು. ಏನು ಬೇಕು ಎಂದು ಗದರಿದಳು. ಪ್ರೇಮಕುಮಾರನ ಮರಾಠಿ ಕಾರ್ಖಾನೆಯಲ್ಲಿ ಕಲಿತದ್ದು. ಅದರಲ್ಲಿ ಸುತ್ತಿ ಬಳಸಿ ಹೇಳುವ ಸೌಕರ್ಯವಿರಲಿಲ್ಲ. ಆಗಾಶೆಯವರು ಬದುಕಿದ್ದಾರೋ ಇಲ್ಲವೋ ನೋಡಲು ಬಂದಿದ್ದೇನೆ, ಒಳಗಿನಿಂದ ಉಸಿರೇ ಕೇಳುತ್ತಿಲ್ಲ ಎಂದ.

ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡಳು. ಐದು ನಿಮಿಷದಲ್ಲಿ ವಾಡೆಯ ಮಂದಿಯೆಲ್ಲ ನಿದ್ದೆಗಣ್ಣಲ್ಲಿ ಮೆಟ್ಟಿಲ ಮೇಲೆ ನೆರೆದರು. ಬೆಳಗ್ಗೆ ಹಾಲು ತಗೊಳ್ಳುವಾಗಲೇ ಯಾಕೋ ಮಂಕಾಗಿದ್ದರು ಎಂದು ಒಬ್ಬರಿಗೆ ನೆನಪಾಯಿತು. ಪಿತೃಪಕ್ಷದಲ್ಲಿ ಹೋಗುವುದು ಪುಣ್ಯವಂತರಿಗೇ ಸಿಗುವುದು ಎಂದು ಇನ್ನೊಬ್ಬರು ಸಮಾಧಾನ ಹೇಳಿದರು. ಮಗಳಿಗೆ ಫೋನು ಮಾಡುವವರು ಯಾರು ಎಂಬ ಚರ್ಚೆ ನಡೆಯಿತು. ಗಂಟೆ ಒತ್ತೋಣವೇ ಎಂದು ಪ್ರೇಮಕುಮಾರ ಸೂಚಿಸಿದ. ಎಲ್ಲರೂ ಫಲಕ ನೋಡಿ ಹಿಂಜರಿದರು. ಸತ್ತಿದ್ದರೂ ಆಗಾಶೆಯವರ ಫಲಕ ಮೀರುವ ಧೈರ್ಯ ಆ ವಾಡೆಯಲ್ಲಿ ಯಾರಿಗೂ ಇರಲಿಲ್ಲ. ಕಡೆಗೆ ಒಬ್ಬ ಬಾಗಿಲು ಒಡೆಯಲು ಒನಕೆ ತಂದ. ಒಡೆಯಬಾರದೆಂದು ಫಲಕದಲ್ಲಿ ಬರೆದಿರಲಿಲ್ಲ.

ಒನಕೆಯ ಮೊದಲ ಏಟಿಗೇ ಬಾಗಿಲು ತೆರೆಯಿತು. ಬನಿಯನ್ನು ತೊಟ್ಟ ಸಪೂರ ಮುದುಕರೊಬ್ಬರು ನಿಂತಿದ್ದರು. ಗುಂಪನ್ನು ನೋಡಿದರು, ಒನಕೆಯನ್ನು ನೋಡಿದರು. ಯಾರು ಸತ್ತದ್ದು ಎಂದು ಕೇಳಿದರು. ಎಲ್ಲರೂ ಪ್ರೇಮಕುಮಾರನ ಕಡೆ ಬೆರಳು ತೋರಿಸಿ ಒಬ್ಬೊಬ್ಬರಾಗಿ ಕೆಳಗಿಳಿದುಹೋದರು.

ಇನ್ನು ತನ್ನ ಗತಿ ಮುಗಿಯಿತೆಂದು ಪ್ರೇಮಕುಮಾರ ಕಾಗೆಯಿಂದ ಹಿಡಿದು ಜೀಪಿನವರೆಗೆ ಎಲ್ಲ ಹೇಳಿಬಿಟ್ಟ. ಆಗಾಶೆಯವರು ಬಯ್ಯಲಿಲ್ಲ. ಹದಿನಾರು ವರ್ಷದಿಂದ ಮನೆಯಲ್ಲೇ ಕೂತು ಅವರಿಗೆ ಬೇಸರವಾಗಿತ್ತು. ಆಗಾಶೆ ಇದ್ದಾರೆಯೇ ಎಂದು ಬೆವರು ಸುರಿಸಿಕೊಂಡು ವಿಚಾರಿಸಲು ಇದುವರೆಗೆ ಯಾರೂ ಬಂದಿರಲಿಲ್ಲ. ಒಳಗೆ ಕರೆದು ನೀರು ಕೊಟ್ಟರು. ಭೂಗೋಳದ ಮೇಷ್ಟರಾಗಿದ್ದವರು, ಅವನ ಊರು ಭೀಮಾ ನದಿಯ ಯಾವ ದಂಡೆಯಲ್ಲಿದೆ ಎಂದು ಕೇಳಿ, ಅವನು ಹೇಳಿದ್ದು ತಪ್ಪೆಂದು ತಿದ್ದಿ, ಭೀಮೆ ಎಲ್ಲೆಲ್ಲಿ ತಿರುಗುತ್ತಾಳೆಂದು ಮುಕ್ಕಾಲು ತಾಸು ಪಾಠ ಮಾಡಿದರು. ಆಮೇಲೆ ವಿಡಿಯೋ ಕಾಲ್ ಹಚ್ಚು, ನಿನ್ನ ತಾಯಿಗೆ ನಾನೇ ಕಾಣಿಸಿಕೊಳ್ಳುತ್ತೇನೆ ಎಂದರು.

ಅವ್ವಮ್ಮ ಫೋನಿನಲ್ಲಿ ಅವರನ್ನು ಎಮ್ಮೆ ಕೊಳ್ಳುವವರು ನೋಡುವಂತೆ ನೋಡಿದಳು. ಸ್ವಲ್ಪ ಕೆಮ್ಮಲು ಹೇಳು ಎಂದಳು. ಅವರು ಕೆಮ್ಮಿದರು. ಊಟ ಆಯಿತೇ ಎಂದು ಕೇಳಿಸಿದಳು. ಎರಡು ಚಪಾತಿ ಎಂದರು.

"ಭಾಳ ಗಟ್ಟಿ ಅದಾರ," ಎಂದು ಅವ್ವಮ್ಮ ತೀರ್ಪು ಕೊಟ್ಟಳು. "ತಗೊಂಡು ಬಾ."

ಹೊರಡುವಾಗ ಆಗಾಶೆಯವರು ಅವನ ನಂಬರು ತಗೊಂಡು ತಮ್ಮದನ್ನೂ ಕೊಟ್ಟರು. ಇನ್ನೊಮ್ಮೆ ಇಂಥ ಅನುಮಾನ ಬಂದರೆ ಮೊದಲು ಫೋನು ಮಾಡಬೇಕು ಎಂದರು.

ನಾಲ್ಕಕ್ಕೆ ಶಟರು ಏಳುವುದನ್ನೇ ಕಾಯುತ್ತಿದ್ದ ಪ್ರೇಮಕುಮಾರ ಅರ್ಧ ಎದ್ದ ಶಟರಿನಡಿ ತೂರಿ ಒಳಗೆ ಹೋದ. ಬಾಳು ಲ್ಯಾಪ್‌ಟಾಪನ್ನು ತೆಗೆದು, ಇಪ್ಪತ್ತು ನಿಮಿಷ ಕೂಡ್ರು, ಹಳೆಯದನ್ನೆಲ್ಲ ಒರೆಸಿ ಹೊಸದರ ಹಾಗೆ ಮಾಡಿಕೊಡುತ್ತೇನೆ ಎಂದ. ಆಗಲೇ ಮನೆಯಿಂದ ಫೋನು ಬಂತು. ಹೊರಟೆಯೋ ಇಲ್ಲವೋ ಎಂದು ತಾಯಿ. ಪ್ರೇಮಕುಮಾರ ಬಾಳು ಹೇಳಿದ್ದನ್ನೇ ಹೇಳಿದ.

"ಹೊಸಾದರಂಗ?" ಅವ್ವಮ್ಮನ ದನಿ ಏರಿತು. "ಇಷ್ಟೊತ್ತು ಬಡಕೊಂಡಿದ್ದು ಯಾತಕ್ಕ? ಒರೆಸೂದು ಬ್ಯಾಡ ತೊಳೆಯೂದು ಬ್ಯಾಡ. ಆ ಹಿರ್ಯಾರು ಹ್ಯಾಂಗ ಇಟ್ಟಾರ ಹಂಗ ತಾ."

ಹೇಗೂ ಹೊತ್ತಿಲ್ಲ. ಪ್ರೇಮಕುಮಾರ ಇದ್ದ ಹಾಗೇ ಎದೆಗವಚಿಕೊಂಡು ರಿಕ್ಷಾ ಹಿಡಿದ. ಮನೆ ಮುಟ್ಟಿದಾಗ ಐದು ದಾಟಿ ಏಳು ನಿಮಿಷ. ಐದು ದಾಟಿ ಹತ್ತು ನಿಮಿಷಕ್ಕೆ ಪರೀಕ್ಷೆಯ ಬಾಗಿಲು ಮುಚ್ಚುತ್ತದೆ ಎಂದು ಕಂಪನಿ ಮೊದಲೇ ತಿಳಿಸಿತ್ತು. ಅವನಿಗಿಂತ ಮೊದಲೇ ಬಂದು ಕಾದಿದ್ದ ಪುನೀತ ಇಂಟರ್‌ನೆಟ್ ಜೋಡಿಸಿ ಪರೀಕ್ಷೆಯ ಪುಟ ತೆರೆದುಕೊಟ್ಟು, ಪರೀಕ್ಷೆ ಬರೆಯುವವನ ಬಳಿ ಇನ್ನೊಬ್ಬರು ಇರಬಾರದಂತೆ ಎಂದು ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋದ. ಪುಟದ ತಲೆಯ ಮೇಲೆ ಕೆಂಪಕ್ಷರದಲ್ಲಿತ್ತು: ಬೇರೊಬ್ಬರ ಹೆಸರಿನಲ್ಲಿ ಪರೀಕ್ಷೆ ಬರೆದವರ ಗೇಟ್ ಪಾಸು ರದ್ದಾಗುತ್ತದೆ. ಅದನ್ನು ಓದಿ ಅವನು ಕೆಳಗಿನ ಮೊದಲ ಚೌಕ ಮುಟ್ಟುವಷ್ಟರಲ್ಲಿ ವಿವರಗಳೆಲ್ಲ ತುಂಬಿಕೊಂಡೇ ಇದ್ದವು. ಒಂಬತ್ತು ವರ್ಷದಲ್ಲಿ ಗುತ್ತಿಗೆದಾರ ಒಂದು ಕೆಲಸವನ್ನಾದರೂ ಮುಂಚಿತವಾಗಿ ಮಾಡಿಟ್ಟಿದ್ದಾನಲ್ಲ ಎಂದುಕೊಂಡು, ಉಳಿದ ಒಂದು ನಿಮಿಷದಲ್ಲಿ ಗುಂಡಿ ಒತ್ತಿ ಒಳಗೆ ನುಗ್ಗಿದ.

ಐವತ್ತು ಪ್ರಶ್ನೆ. ಬೇರಿಂಗಿಗೆ ಎಣ್ಣೆ ಎಷ್ಟು, ಸಾಣೆಗಲ್ಲು ಯಾವಾಗ ಬದಲಿಸಬೇಕು, ಯಂತ್ರ ನಡುಗಿದರೆ ಮೊದಲು ಏನು ನೋಡಬೇಕು. ಇವನ್ನೆಲ್ಲ ಅವನು ಒಂಬತ್ತು ವರ್ಷ ಕೈಯಿಂದ ಮಾಡಿದ್ದ. ಬೆಳಗ್ಗಿನಿಂದ ಮೊದಲ ಸಲ ಅವನ ಮನಸ್ಸು ಹಗುರವಾಯಿತು. ಆರಕ್ಕೆ ಹತ್ತು ನಿಮಿಷ ಇರುವಾಗಲೇ ಮುಗಿಸಿ ಬಾಗಿಲು ತೆರೆದ. ಹೊರಗೆ ಕಾದಿದ್ದವರೆಲ್ಲ ಮೇಜಿನ ಸುತ್ತ ಮುತ್ತಿದರು. ಪರದೆಯ ಮೇಲೆ ಐವತ್ತಕ್ಕೆ ನಲವತ್ತೇಳು ಎಂದು ಬಂತು. ಪುನೀತ ಅವನ ಬೆನ್ನು ಗುದ್ದಿದ. ಮಂಜರಿ ಕಾಕೂ ತಾನು ಹೇಳಿದ ಹಾಗೆ ಕೇಳಿದ್ದಕ್ಕೇ ಇದು ಎಂದಳು. ಅವ್ವಮ್ಮ ಗಂಡನ ಫೋಟೋಕ್ಕೆ ಕೈಮುಗಿದಳು.

ಸುಮಂಗಲಾ ಮಾತ್ರ ಪರದೆಯ ಹತ್ತಿರ ಬಗ್ಗಿ ನೋಡುತ್ತಿದ್ದಳು.

"ಇದ್ಯಾರ್ರೀ, ಮೋರೇಶ್ವರ ಕೇಶವ ಆಗಾಶೆ?"

ಪುನೀತ ಬಂದು ಓದಿದ. ಹೆಸರು ಅವರದು, ಹುಟ್ಟಿದ ತಾರೀಕು ಅವರದು, ಫೋನ್ ನಂಬರೂ ಅವರದೇ. ಹಳೆಯ ಮಾಲಕರ ವಿವರಗಳು ಒಳಗೇ ಉಳಿದಿದ್ದವು, ಕಂಪ್ಯೂಟರು ನೆನಪಿಟ್ಟುಕೊಂಡು ತಾನೇ ತುಂಬಿತ್ತು. ಯಾಕಣ್ಣ, ಅಂಗಡಿಯವನು ಫಾರ್ಮ್ಯಾಟ್ ಮಾಡಿ ಕೊಡಲಿಲ್ವಾ ಎಂದ. ಮಂಜರಿ ಕಾಕೂ ಕುಕ್ಕರು ಇಟ್ಟು ಬಂದಿದ್ದೇನೆ ಎಂದು ಎದ್ದುಹೋದಳು.

ಪ್ರೇಮಕುಮಾರ ಗೋಡೆಗೆ ಒರಗಿ ಕುಳಿತ. ಬಾಯಿಬಿಟ್ಟು ಹೇಳುವಂತೆಯೂ ಇರಲಿಲ್ಲ. ಹೇಳಿದರೆ ಬೇರೊಬ್ಬರ ಹೆಸರಿನಲ್ಲಿ ಬರೆದವನಾಗಿ ಇದ್ದ ಗೇಟ್ ಪಾಸೂ ಹೋಗುತ್ತಿತ್ತು, ಜೀಪೂ ತಪ್ಪುತ್ತಿತ್ತು. ಸುಮಂಗಲಾ ಚಹಾ ತಂದಿಟ್ಟಳು. ಅದು ಆರಿ ಕೆನೆಗಟ್ಟುವ ಹೊತ್ತಿಗೆ ಫೋನು ಬಂತು. ಆಗಾಶೆಯವರು. ದನಿಯಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು.

"ನಿಮ್ಮ ಕಾರ್ಖಾನೆಯ ಆಫೀಸಿನಿಂದ ಒಬ್ಬ ಹೆಂಗಸು ಫೋನ್ ಮಾಡಿದ್ದಳು. ಅರವತ್ತು ಜನರಲ್ಲಿ ನಾನೇ ಮೊದಲಂತೆ. ನಾನು ಪರೀಕ್ಷೆಯನ್ನೇ ಬರೆದಿಲ್ಲಮ್ಮ ಅಂದೆ. ಎಷ್ಟು ವಿನಯ ಸರ್, ಅಂದಳು. ನಮ್ಮ ಗುತ್ತಿಗೆಯವರಲ್ಲಿ ಇಂಥ ಹಿರಿಯರಿದ್ದಾರೆ ಅಂತ ನಮಗೆ ಗೊತ್ತೇ ಇರಲಿಲ್ಲ, ಅಂತಲೂ ಅಂದಳು."

"ಕಾಕಾ, ಅದು ನಾನು ಬರೆದದ್ದು."

"ಗೊತ್ತಾಯಿತು. ಬೇರೆಯವರ ಹೆಸರಿನಲ್ಲಿ ಯಾರಾದರೂ ಬರೆದಿದ್ದರೆ ಏನು ಮಾಡುತ್ತೀರಿ ಅಂತ ಹಾಗೇ ವಿಚಾರಿಸಿದೆ. ಗೇಟಿನ ಒಳಗೇ ಬಿಡುವುದಿಲ್ಲ ಅಂದಳು. ಅದಕ್ಕೇ ನಿನ್ನ ಸಲುವಾಗಿ ಒಪ್ಪಿಕೊಂಡೆ."

ಏನನ್ನು ಒಪ್ಪಿಕೊಂಡಿರಿ ಎಂದು ಪ್ರೇಮಕುಮಾರ ಕೇಳಿದ. ಈ ವಯಸ್ಸಿಗೆ ಕಾಯಂ ಮಾಡಲು ಬರುವುದಿಲ್ಲವಂತೆ, ಆದರೆ ಇಂಥ ತಿಳಿವಳಿಕೆಯನ್ನು ಬಿಡಲಿಕ್ಕೂ ಆಗುವುದಿಲ್ಲವಂತೆ. ವಾರಕ್ಕೆ ಮೂರು ದಿನ ಬಂದು ಗುತ್ತಿಗೆಯವರಿಗೆ ಕೆಲಸದ ಪಾಠ ಹೇಳಬೇಕಂತೆ. ತಿಳಿನೀಲಿ ಅಂಗಿಯ ಅಳತೆಯನ್ನೂ ಕೇಳಿಕೊಂಡರಂತೆ.

"ನೋಡು ಪ್ರೇಮಕುಮಾರ, ಭೂಗೋಳ ಬಿಟ್ಟರೆ ನನಗೆ ಏನೂ ಗೊತ್ತಿಲ್ಲ. ಆದರೆ ಎಲ್ಲ ಬಲ್ಲವರ ಈ ಸದಾಶಿವ ಪೇಠೆಯಲ್ಲಿ ಹುಟ್ಟಿ ಗೊತ್ತಿಲ್ಲ ಅಂತ ಆ ಹೆಂಗಸಿಗೆ ಹೇಗೆ ಹೇಳಲಿ? ನಾಳೆ ಕೆಲಸ ಮುಗಿಸಿ ನೇರ ಇಲ್ಲಿಗೆ ಬಾ. ಬೇರಿಂಗ್ ಅಂದರೆ ಏನು ಅನ್ನುವಲ್ಲಿಂದ ಹೇಳಿಕೊಡು. ಸೋಮವಾರ ನಾನು ನಿಮಗೆಲ್ಲ ಕಲಿಸಬೇಕು."

ಪ್ರೇಮಕುಮಾರ ಹೂಂ ಎಂದ. ಫೋನಿಡುವ ಮೊದಲು ಆಗಾಶೆಯವರು, ಕಂಪನಿಯ ಬಸ್ಸಿನಲ್ಲಿ ಬೆಳಗಿನ ಬಿಸಿಲು ಯಾವ ಕಡೆ ಬೀಳುತ್ತದೆ, ಯಾವ ಸಾಲಿನಲ್ಲಿ ಕೂತರೆ ಒಳ್ಳೆಯದು ಎಂದು ಕೇಳಿದರು. ಆ ಬಸ್ಸಿನ ಒಳಗಿನ ಸಂಗತಿ ತನಗೆ ಗೊತ್ತಿಲ್ಲವೆಂದು ಅವನು ಹೇಳಬೇಕಾಯಿತು.